ಮೈಮೇಲೆ ಬರುವ ಅದೃಷ್ಟ

‘ನಾನು ಅದೃಷ್ಟವಂತ’ ಎನ್ನಲು ಐರಿಷ್ ಭಾಷೆಯಲ್ಲಿ ‘ತಾ ಅನ್ ತಾ ಒರಮ್’ ಎನ್ನುತ್ತಾರೆ. ಪದಕ್ಕೆ ಪದವಿಟ್ಟರೆ ‘ಇದೆ ಅದೃಷ್ಟ ನನ್ನ ಮೇಲೆ’ ಎಂದಾಗುತ್ತದೆ. ಕ್ರಿಯಾಪದ ಮೊದಲು, ಮನುಷ್ಯ ಕಟ್ಟಕಡೆಗೆ! ಅದೃಷ್ಟಕ್ಕೆ ಅವರ ಪದ ಬರಿಯ ‘ಆ’. ಬರೆಯುವಾಗ ಅದರ ಬಾಲಕ್ಕೆ ಉಚ್ಚಾರವಿಲ್ಲದ ಎರಡು ಅಕ್ಷರಗಳುಂಟು. ಅದು ಪುಲ್ಲಿಂಗ. ಸ್ವರದಿಂದ ಮೊದಲಾಗುವ ಪುಲ್ಲಿಂಗ ಪದದ ಮುಂದೆ ‘ಅನ್’ ಎಂಬ ನಿರ್ದೇಶಕ ಬಂದರೆ ನಡುವೆ ತಕಾರವೊಂದು ನುಸುಳಿ ‘ಅನ್ ತಾ’ ಆಗುತ್ತದೆ. ವಾಕ್ಯದ ಮೊದಲ ‘ತಾ’ ಎಂದರೆ ‘ಇದೆ’, ಎರಡನೆಯ ‘ತಾ’ ಅದೃಷ್ಟ. ಕಿವಿಗೆ ಎರಡೂ ಒಂದೇ. ನಾವು ಶಾಲೆಯಲ್ಲಿ ಉರುಹೊಡೆದ ಆಗಮಸಂಧಿ ಇದಕ್ಕಿಂತ ಸುಲಭವೆಂದು ಈಗ ತೋರುತ್ತದೆ.

ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ಕ್ರಿಯಾಪದ ಆ ಭಾಷೆಯಲ್ಲಿಲ್ಲ, ನಮ್ಮಲ್ಲೂ ಇಲ್ಲ. ಹಣ ‘ನನ್ನ ಬಳಿ’ ಇರುತ್ತದೆ. ಹಸಿವು, ದುಃಖ, ನೆಗಡಿ ಎಲ್ಲವೂ ‘ನನ್ನ ಮೇಲೆ’. ಅದೃಷ್ಟವನ್ನು ಅವರು ಹಣದ ಸಾಲಿಗೆ ಸೇರಿಸದೆ ನೆಗಡಿಯ ಸಾಲಿಗೆ ಸೇರಿಸಿದ್ದಾರೆ.

ಇಂಥ ಭಾಷೆ ಕ್ಷೀಣಿಸಿದ ಬಗೆ ಮಾತ್ರ ನಗುವಂಥದಲ್ಲ. 1831ರಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳ ಮಾಧ್ಯಮ ಇಂಗ್ಲಿಷ್. ಎಷ್ಟೋ ಊರುಗಳಲ್ಲಿ ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಐರಿಷ್ ಮಾತು ಬಾಯಿಗೆ ಬಂದಾಗಲೆಲ್ಲ ಅದರಲ್ಲಿ ಒಂದು ಕಚ್ಚು ಕೊರೆಯುತ್ತಿದ್ದರು, ಕಚ್ಚುಗಳನ್ನೆಣಿಸಿ ಶಿಕ್ಷೆ. ಮೇಷ್ಟ್ರು ಮಾತ್ರವಲ್ಲ, ಮನೆಯಲ್ಲಿ ತಂದೆತಾಯಿಗಳೇ ಕೊರೆದದ್ದುಂಟು. ಅವರನ್ನು ದೂರುವುದು ನಮ್ಮಿಂದಾಗದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟು ಜನ ಹಡಗು ಹತ್ತಿದರು. ಹಡಗು ಇಳಿದ ಮೇಲೆ ಅನ್ನ ಕೊಡುವ ಭಾಷೆ ಇಂಗ್ಲಿಷೇ ಎಂದು ಅವರು ಬಲ್ಲರು. ಮಕ್ಕಳ ಶಾಲೆಯ ಅರ್ಜಿಯಲ್ಲಿ ‘ಮಾಧ್ಯಮ’ ಎಂಬ ಕಲಮಿನ ಮುಂದೆ ಪೆನ್ನು ಹಿಡಿದು ಕುಳಿತ ನಮಗೂ ಆ ಲೆಕ್ಕಾಚಾರ ಹೊಸದಲ್ಲ. 1851ರ ಜನಗಣತಿಯಲ್ಲಿ 15 ಲಕ್ಷವಿದ್ದ ಐರಿಷ್ ಭಾಷಿಕರು 1891ರ ವೇಳೆಗೆ 7 ಲಕ್ಷಕ್ಕಿಂತ ಕಡಿಮೆಯಾದರು.

1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಕಟ್ಟಿದರು. ನಮಗೆ ಹೆಚ್ಚು ಹಿಡಿಸಿದ ಸಂಗತಿ 1958ರದು. ಆ ವರ್ಷ ಹೊರಬಂದ ಪ್ರಮಾಣ ವ್ಯಾಕರಣವನ್ನು ಸಿದ್ಧಪಡಿಸಿದ್ದು ವಿಶ್ವವಿದ್ಯಾಲಯವಲ್ಲ, ಐರಿಷ್ ಸಂಸತ್ತಿನ ಭಾಷಾಂತರ ಶಾಖೆ. ಅಂದರೆ ನಮ್ಮಂತೆ ಕಡತದ ನಡುವೆ ಕೂರುವವರು!

ಇನ್ನೊಂದು ಸೋಜಿಗ. ಐರಿಷ್ ಮರೆತವರ ಇಂಗ್ಲಿಷಿನಲ್ಲಿಯೂ ಅದರ ವ್ಯಾಕರಣ ಉಳಿದಿದೆ. ‘ಈಗತಾನೆ ಉಂಡೆ’ ಎನ್ನಲು ಅವರು ‘ಐ ಆಮ್ ಆಫ್ಟರ್ ಈಟಿಂಗ್’ ಎನ್ನುತ್ತಾರೆ; ತಿಳಿಯದವರು ಪಾಪ, ಎಲೆ ಹಾಕಿಯಾರು.

ಇನ್ನೊಬ್ಬರಿಗೆ ಅದೃಷ್ಟ ಕೋರುವಾಗ ಐರಿಷರು ‘ಮೇಲೆ’ ಎನ್ನಲೇಬೇಕೆಂದಿಲ್ಲ. ‘ಗೋ ನೈರೀ ಅನ್ ತಾ ಲ್ಯಾತ್’ ಎನ್ನುವುದೂ ಉಂಟು. ‘ಲ್ಯಾತ್’ ಎಂದರೆ ‘ನಿನ್ನ ಜೊತೆ’.