ಸಕ್ಕರೆ ಕಾಯಿಲೆ, ಮನಸ್ಸು ಮತ್ತು ಆನ್‌ಲೈನ್ ಸ್ವಸಹಾಯ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು

ಸಕ್ಕರೆ ಕಾಯಿಲೆಯ ಬೆನ್ನಿಗೇ ಬರುವ ಬೇಸರ, ಭಯ, ಖಿನ್ನತೆಗಳನ್ನು ರೋಗಿ ಮೊಬೈಲ್ ಅಥವಾ ಕಂಪ್ಯೂಟರಿನ ನೆರವಿನಿಂದ ತಾನೇ ನಿಭಾಯಿಸಲು ರೂಪಿಸಿದ ಪಾಠ, ಅಭ್ಯಾಸ, ಸಲಹೆಗಳಿಗೆ ಆನ್‌ಲೈನ್ ಸ್ವಸಹಾಯ ಎನ್ನುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮಟ್ಟಿಗೆ ಇದರ ಚರಿತ್ರೆಯನ್ನು ಆ್ಯಪ್‌ಗಳಿಂದ ಶುರುಮಾಡಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಇಲ್ಲಿ ಆಸ್ಪತ್ರೆ, ಆಶಾ ಕಾರ್ಯಕರ್ತೆ, ಸಹಾಯವಾಣಿ ಮೊದಲು ಬಂದವು. ಆ್ಯಪ್ ಬಂದದ್ದು ಕೊನೆಗೆ.

ಈ ಕಾಯಿಲೆಗೂ ದುಃಖಕ್ಕೂ ನಂಟಿದೆಯೆಂದು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 17ನೇ ಶತಮಾನದಲ್ಲೇ ಬರೆದಿದ್ದ. ಈ ಕಾಯಿಲೆಯಿಂದಾಗುವ ಮನಸ್ಸಿನ ಸಂಕಟವನ್ನು ಅಳೆಯುವ 20 ಪ್ರಶ್ನೆಗಳ ‘ಪೇಯ್ಡ್’ ಮಾಪಕ ಅಮೆರಿಕದಲ್ಲಿ ಪ್ರಕಟವಾದದ್ದು 1995ರಲ್ಲಿ. ದಿನವೂ ಮಾತ್ರೆ, ಊಟದ ಲೆಕ್ಕ, ಕಾಲಿನ ಗಾಯದ ಹೆದರಿಕೆ, ಮನೆಯವರ ಗದರಿಕೆ ಇವುಗಳಿಂದಾಗುವ ದಣಿವು ಖಿನ್ನತೆಗಿಂತ ಬೇರೆ ಎಂಬ ತಿಳಿವಳಿಕೆ ಆಮೇಲೆ ಗಟ್ಟಿಯಾಯಿತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೆ ಈ ದಣಿವು ಇನ್ನೂ ಒಂದು ಕೈ ಹೆಚ್ಚು. ಸೊಪ್ಪು ಹದ ಮಾಡುವ ದಿನಗಳಲ್ಲಿ ಬ್ಯಾರನ್ (ಸೊಪ್ಪು ಒಣಗಿಸುವ ಮನೆ) ಬೆಂಕಿಯನ್ನು ಹಗಲೂ ರಾತ್ರಿ ಕಾಯಬೇಕು. ಊಟ, ನಿದ್ದೆ ಎರಡೂ ಹೊತ್ತು ತಪ್ಪುತ್ತವೆ. ಅದು ಮುಗಿದ ಮೇಲೆ ಹರಾಜಿನ ದರದ ಚಿಂತೆ. ‘ಶುಗರ್ ಜಾಸ್ತಿಯಾಗಿದೆ’ ಎನ್ನುವವರು ಇದನ್ನೆಲ್ಲ ವೈದ್ಯರ ಮುಂದೆ ಹೇಳಿಕೊಳ್ಳುವುದು ಅಪರೂಪ. ಕೇಳಿದರೆ ‘ನಿದ್ದೆ ಬರಲ್ಲ, ಬರೀ ಯೋಚನೆ’ ಎಂದಾರು.

ಸಕ್ಕರೆಯನ್ನೂ ಮನಸ್ಸನ್ನೂ ಒಂದೇ ಗುಂಪಿನ ಜನರಲ್ಲಿ ಪರಿಶೀಲಿಸಿದ ಅಪರೂಪದ ಕೆಲಸ ಮೈಸೂರಿನಲ್ಲೇ ನಡೆದಿದೆ. ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಉಳಿದಿದ್ದ ಹೆರಿಗೆ ದಾಖಲೆಗಳ ಜಾಡು ಹಿಡಿದು, ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಮಧುಮೇಹದ ಅಧ್ಯಯನ ಮಾಡಲಾಯಿತು. ಅದೇ ಪೀಳಿಗೆಯ ಹಿರಿಯರಲ್ಲಿ ಖಿನ್ನತೆ ಮತ್ತು ಮರೆವನ್ನು ಪರಿಶೀಲಿಸಿದ್ದು ‘ಮೈನಾ’ ಅಧ್ಯಯನ.

ಎಚ್.ಡಿ. ಕೋಟೆಯ ಕಾಡಂಚಿಗೆ ಆಸ್ಪತ್ರೆ ತಂದವರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಪ್ರಮುಖವಾದುದು. ಡಾ. ಆರ್. ಬಾಲಸುಬ್ರಹ್ಮಣ್ಯಂ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ, 1984ರಲ್ಲಿ, ಗೆಳೆಯರೊಂದಿಗೆ ಕಟ್ಟಿದ ಈ ಸಂಸ್ಥೆ ಕೆಂಚನಹಳ್ಳಿಯಲ್ಲೂ ಸರಗೂರಿನಲ್ಲೂ ಆಸ್ಪತ್ರೆ ನಡೆಸಿತು. ಇನ್ನು ಮಾನಸಿಕ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ಇಳಿಸಿದ್ದು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಿಂದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. 2010ರಲ್ಲಿ ಸಕ್ಕರೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮ ಬಂತು. 2014ರಲ್ಲಿ ರಾಜ್ಯದ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಏರ್ಪಾಡಾಯಿತು. ಆದರೆ ಸಕ್ಕರೆಯದೂ ಮನಸ್ಸಿನದೂ ಎರಡು ಕಾರ್ಯಕ್ರಮಗಳಾಗಿಯೇ ಬೆಳೆದವು, ರೋಗಿ ಮಾತ್ರ ಒಬ್ಬನೇ.

ಇವೆರಡನ್ನು ಒಟ್ಟಿಗೆ ತಂದರೆ ಫಲವಿದೆ ಎಂಬುದಕ್ಕೆ ಭಾರತದ್ದೇ ಪುರಾವೆ ಇದೆ. ಬೆಂಗಳೂರಿನ ಡಯಾಕಾನ್ ಸೇರಿ ನಾಲ್ಕು ಚಿಕಿತ್ಸಾಲಯಗಳ 404 ರೋಗಿಗಳ ಮೇಲೆ ನಡೆದ ‘ಇಂಡಿಪೆಂಡೆಂಟ್’ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ರೋಗಿಯನ್ನು ಬಿಡದೆ ವಿಚಾರಿಸಿಕೊಳ್ಳುವ ಒಬ್ಬ ಆರೈಕೆ ಸಂಯೋಜಕ, ವೈದ್ಯರಿಗೆ ಸಲಹೆ ಕೊಡುವ ಒಂದು ಸಾಫ್ಟ್‌ವೇರ್ ಇವೆರಡೂ ಸೇರಿದ ಆರೈಕೆಯಲ್ಲಿ 24 ತಿಂಗಳ ನಂತರ ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಶೇ. 71.6. ಮಾಮೂಲು ಚಿಕಿತ್ಸೆಯಲ್ಲಿ ಶೇ. 57.4. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇಂಥ ಕೂಡು ಚಿಕಿತ್ಸೆಯನ್ನು ಪರೀಕ್ಷಿಸಿದರು.

ರೋಗಿಯೇ ಕುಳಿತು ಕಲಿಯುವ ಆನ್‌ಲೈನ್ ಪಾಠಗಳ ದಾರಿ ಇಷ್ಟು ನೇರವಾಗಿರಲಿಲ್ಲ. ಖಿನ್ನತೆಗೆಂದೇ 2001ರಲ್ಲಿ ಆಸ್ಟ್ರೇಲಿಯಾದಲ್ಲಿ ‘ಮೂಡ್‌ಜಿಮ್’ ಬಂತು. ಮಧುಮೇಹಿಗಳಿಗೆಂದೇ ನೆದರ್‌ಲ್ಯಾಂಡ್ಸ್‌ನಲ್ಲಿ ರೂಪಿಸಿದ ಪಾಠವನ್ನು 255 ಜನರ ಮೇಲೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದಾಗ ಖಿನ್ನತೆ ತಗ್ಗಿತ್ತು, ರಕ್ತದ ಸಕ್ಕರೆ ತಗ್ಗಿರಲಿಲ್ಲ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ 780 ಜನರ ಪ್ರಯೋಗದಲ್ಲಿ ಸ್ವಸಹಾಯ ಪಾಠ ಪಡೆದವರಿಗೂ ಸಾಮಾನ್ಯ ಆರೋಗ್ಯ ಮಾಹಿತಿ ಓದಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ವಿಚಾರಿಸಿಕೊಳ್ಳುವ ಮನುಷ್ಯರಿಲ್ಲದ ಪಾಠ ಬೇಗ ಸೊರಗುತ್ತದೆ ಎಂದೇ ಈ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದರೆ ಅನ್ನಿಸುತ್ತದೆ.

ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿ ಸೇರಿ ರೂಪಿಸಿದ ‘ಪುಶ್-ಡಿ’ ಭಾರತದ ಮೊದಲ ಸ್ವಸಹಾಯ ಪಾಠಗಳಲ್ಲೊಂದು. ಅದು ಇಂಗ್ಲಿಷ್‌ನಲ್ಲಿತ್ತು, ಖಿನ್ನತೆಗಷ್ಟೇ ಮೀಸಲಾಗಿತ್ತು. ಕಾಡಂಚಿನ ಹಾಡಿಯ ಜೇನುಕುರುಬ ಬುಡಕಟ್ಟಿನ ಹಿರಿಯರಿಗಾಗಲಿ ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯ ಕಡೆಯ ಗದ್ದೆ ಕೆಲಸದವರಿಗಾಗಲಿ ಅದು ತಲುಪುವಂತಿರಲಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಕ್ಷರ ಬಾರದವರಿಗೂ, ಕೀಪ್ಯಾಡ್ ಫೋನ್ ಇರುವವರಿಗೂ ಇದು ಸಾಧ್ಯ. 2024ರಲ್ಲಿ ಇದರ ಆ್ಯಪ್ ಕೂಡ ಬಂತು.

ಮಧುಮೇಹಿಗಳಿಗೆ ಕನ್ನಡದಲ್ಲಿ ಪಾಠ ಬರೆಯುವವರು ಸಾಮಾನ್ಯ ಮನಶ್ಶಾಂತಿಯ ಪಾಠವನ್ನು ಅನುವಾದಿಸಿದರೆ ಸಾಲದು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗಲೂ ಬೆವರು, ನಡುಕ, ಎದೆಬಡಿತ ಬರುತ್ತವೆ, ಗಾಬರಿಯಾದಾಗ ಬರುವಂತೆಯೇ. ಆಗ ಕಣ್ಣು ಮುಚ್ಚಿ ನಿಧಾನ ಉಸಿರಾಡಲು ಹೇಳುವ ಪಾಠ ಅಪಾಯಕಾರಿ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಮೊದಲು ಸಕ್ಕರೆ ನೋಡಿಕೊಳ್ಳಬೇಕು. ಗ್ಲುಕೋಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನಬೇಕು.