ಚವದಾರ್ ಕೆರೆಯಿಂದ 789ರವರೆಗೆ: ಬಜೆಟ್ ಕೂಡ ನಮ್ಮ ಹೋರಾಟದ ಕಣವೇ



ಪೋಸ್ಟ್ ಉದ್ದ ಇದೆ. ದಯವಿಟ್ಟು ಬಿಡುವು ಮಾಡಿಕೊಂಡು ಪೂರ್ತಿ ಓದಿ.

ಮೊನ್ನೆ ಒಂದು ಸಭೆಯಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದ ಲೆಕ್ಕ ಹೇಳ್ತಾ ಇದ್ದೆ. ಹಿಂದೆ ಕೂತಿದ್ದ ಹುಡುಗನೊಬ್ಬ ಎದ್ದು ನಿಂತು, "ಅಣ್ಣಾ, ದಿನಾ ಮರ್ಯಾದೆಗೇ ಬಡಿದಾಡ್ತಿದ್ದೀವಿ, ಇದರ ಮಧ್ಯೆ ಬಜೆಟ್ ಲೆಕ್ಕ ಯಾಕೆ? ಅದು ಆಫೀಸರ್‌ಗಳ ಕೆಲಸ ಅಲ್ವಾ?" ಅಂದ. ನನಗೆ ಸಿಟ್ಟು ಬರಲಿಲ್ಲ. ಅವನ ವಯಸ್ಸಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅವತ್ತು ಪೂರ್ತಿ ಉತ್ತರ ಕೊಡೋಕಾಗಲಿಲ್ಲ, ಇಲ್ಲಿ ಬರೀತಿದ್ದೀನಿ.

1927 ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮಹಾಡ್. ಮಾರ್ಚ್ 20, ಚವದಾರ್ ಕೆರೆಯ ನೀರು. ಆದರೆ ಅದಕ್ಕೆ ಒಂದು ತಿಂಗಳು ಮುಂಚೆ, ಫೆಬ್ರವರಿ 24ರಂದು, ಬಾಬಾಸಾಹೇಬರು ಮುಂಬೈ ಪ್ರಾಂತ್ಯದ ಶಾಸನ ಸಭೆಯಲ್ಲಿ ಬಜೆಟ್ ಮೇಲೆ ಮಾತಾಡಿದ್ದರು. ಆದಾಯ ತೆರಿಗೆಯಲ್ಲಿ ಕಡಿಮೆ ದುಡಿಯುವವನಿಗೆ ವಿನಾಯಿತಿ ಇದೆ, ಆದರೆ ಭೂಕಂದಾಯದಲ್ಲಿ ಒಂದೆರಡು ಎಕರೆ ಬಡವನೂ ಒಂದೇ, ಜಹಗೀರುದಾರನೂ ಒಂದೇ, ಇದು ಯಾವ ನ್ಯಾಯ ಅನ್ನೋದು ಅವರ ಪ್ರಶ್ನೆಯಾಗಿತ್ತು. ಸರ್ಕಾರದ ಹಣಕಾಸಿನ ಬಗ್ಗೆಯೇ ಪುಸ್ತಕ ಬರೆದಿದ್ದ ಮನುಷ್ಯ ಅವರು. ಯಾರಿಂದ ಕಿತ್ತುಕೊಳ್ತೀರಿ, ಯಾರಿಗೆ ಖರ್ಚು ಮಾಡ್ತೀರಿ ಅಂತ ಕೇಳದೆ ಜಾತಿಯ ಪ್ರಶ್ನೆ ಮುಗಿಯಲ್ಲ ಅಂತ ಅವರಿಗೆ ಗೊತ್ತಿತ್ತು.

ಮಹಾಡ್ ಕೂಡ ಸಾರ್ವಜನಿಕ ಹಣದ ಪ್ರಶ್ನೆಯೇ. ಅದರ ಹಿಂದೆ ಇದ್ದದ್ದು 1923ರ ಬೋಳೆ ನಿರ್ಣಯ. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಎಸ್.ಕೆ. ಬೋಳೆ ಅವರು ತಂದ ನಿರ್ಣಯ ಅದು. ಮಹಾಡ್ ಪುರಸಭೆ 1924ರಲ್ಲಿ ಕೆರೆ ತೆರೆದಿದೆ ಅಂತ ಕಾಗದದಲ್ಲಿ ಬರೆದುಕೊಂಡಿತು. ನೀರು ಮಾತ್ರ ಮುಟ್ಟೋಕೆ ಬಿಡಲಿಲ್ಲ. ಕಾಗದದಲ್ಲಿದ್ದ ಹಕ್ಕನ್ನು ಕೈಗೆ ತಂದುಕೊಳ್ಳೋಕೆ ಜನ ಕೆರೆಗೆ ಇಳಿಯಬೇಕಾಯ್ತು. ನಾವು ಇವತ್ತು ಮಾಡ್ತಿರೋದೂ ಇದನ್ನೇ.

ಸ್ವಾತಂತ್ರ್ಯ ಬಂತು, ಪಂಚವಾರ್ಷಿಕ ಯೋಜನೆಗಳು ಬಂದವು. ಅಣೆಕಟ್ಟು ಕಟ್ಟಿದರು, ಕಾಲುವೆ ತೋಡಿದರು, ಕೇರಿಗೆ ಮಾತ್ರ ನೀರು ಬರಲಿಲ್ಲ. 1970ರ ದಶಕದ ಕೊನೆಗೆ ಪಿ.ಎಸ್. ಕೃಷ್ಣನ್ ಅನ್ನೋ ಐಎಎಸ್ ಅಧಿಕಾರಿ ಒಳಗಿದ್ದುಕೊಂಡೇ ರೂಪಿಸಿದ್ದು ವಿಶೇಷ ಘಟಕ ಯೋಜನೆ. ಪ್ರತಿ ಇಲಾಖೆಯೂ ಜನಸಂಖ್ಯೆಗೆ ತಕ್ಕಷ್ಟು ಪಾಲನ್ನು ನಮಗೆ ಅಂತ ತೆಗೆದಿಡಬೇಕು, ಇದು ತತ್ವ. 1980ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಇದರ ಬಗ್ಗೆ ಎಲ್ಲ ಮುಖ್ಯಮಂತ್ರಿಗಳಿಗೂ ಪತ್ರ ಬರೆದರು. ಆದಿವಾಸಿಗಳ ಉಪಯೋಜನೆ ಅದಕ್ಕೂ ಮುಂಚೆ, ಐದನೇ ಯೋಜನೆಯಲ್ಲೇ ಶುರುವಾಗಿತ್ತು.

ತತ್ವ ಚೆನ್ನಾಗಿತ್ತು, ಆದರೆ ಕಾನೂನು ಇರಲಿಲ್ಲ. ಹಣ ಬೇರೆ ಕಡೆ ಹೋದರೆ ಕೇಳೋರು ಯಾರು?

ಕೇಳಿದ್ದು ನಾಗರಿಕರು. 2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಅನ್ನೋ ಸಂಸ್ಥೆ ಆರ್‌ಟಿಐ ಹಾಕಿ ದಾಖಲೆ ತೆಗೆಸಿತು. ದೆಹಲಿ ಸರ್ಕಾರ ದಲಿತರ ಪಾಲಿನ ಸುಮಾರು 744 ಕೋಟಿ ರೂಪಾಯಿಯನ್ನು ಆಟದ ಖರ್ಚಿಗೆ ತಿರುಗಿಸಿತ್ತು. ದಲಿತ ಮಾನವ ಹಕ್ಕುಗಳ ರಾಷ್ಟ್ರೀಯ ಅಭಿಯಾನ ಅದನ್ನು ಬೀದಿಗೂ ಸಂಸತ್ತಿಗೂ ತಂತು. ಹಣ ತಿರುಗಿಸಿದ್ದು ತಪ್ಪು ಅಂತ ಆಗಿನ ಗೃಹ ಸಚಿವ ಪಿ. ಚಿದಂಬರಂ ರಾಜ್ಯಸಭೆಯಲ್ಲೇ ಒಪ್ಪಿಕೊಳ್ಳಬೇಕಾಯ್ತು. ಇದೆಲ್ಲ ಶುರುವಾದದ್ದು ಒಂದು ಆರ್‌ಟಿಐ ಅರ್ಜಿಯಿಂದ.

ಮಾರ್ಗಸೂಚಿ ಸಾಲದು, ಕಾನೂನೇ ಬೇಕು ಅನ್ನೋ ಕೂಗು ಜೋರಾಯ್ತು. 2013ರ ಶುರುವಿಗೆ ಆಂಧ್ರದಲ್ಲಿ ಕಾಯ್ದೆ ಬಂತು. ಅದೇ ವರ್ಷದ ಕೊನೆಗೆ ನಮ್ಮ ಕರ್ನಾಟಕದಲ್ಲೂ ಬಂತು. ಪರಿಶಿಷ್ಟ ಜಾತಿ ಶೇ. 17.15, ಪರಿಶಿಷ್ಟ ಪಂಗಡ ಶೇ. 6.95, ಒಟ್ಟು ಶೇ. 24.10. ಇದು ಯಾರ ಕೃಪೆಯೂ ಅಲ್ಲ, ಹೋರಾಡಿ ಪಡೆದದ್ದು.

ಆದರೆ ಅದೇ ಕಾಯ್ದೆಯೊಳಗೆ ಒಂದು ಕಿಂಡಿ ಬಿಟ್ಟಿದ್ದರು, ಸೆಕ್ಷನ್ 7ಡಿ. ರಸ್ತೆ, ನೀರಾವರಿಯಂಥ ದೊಡ್ಡ ಕಾಮಗಾರಿಗಳ ಖರ್ಚಲ್ಲಿ ಒಂದು ಭಾಗವನ್ನು ನಮಗೇ ಖರ್ಚಾಗಿದೆ ಅಂತ 'ಭಾವಿಸಬಹುದು'. ನಮ್ಮ ತಾಲ್ಲೂಕಲ್ಲಿ ಒಂದು ರಸ್ತೆಯ ಲೆಕ್ಕ ತೆಗೆಸಿದ್ದೆ. ಕಾಗದ ಹಿಡಿದು ಹೋಗಿ ನೋಡಿದರೆ ಡಾಂಬರು ಒಬ್ಬ ದೊಡ್ಡ ಜಮೀನ್ದಾರರ ತೋಟದ ಗೇಟಿಗೆ ಮುಗಿದಿತ್ತು. ಅಲ್ಲಿಂದ ಕೇರಿಗೆ ಕೆಸರಿನ ದಾರಿ. ಕೇಳಿದ್ದಕ್ಕೆ, "ನಿಮ್ಮೋರೂ ಓಡಾಡ್ತಾರಲ್ರೀ" ಅಂದರು. 7ಡಿ ಅಂದರೆ ಇಷ್ಟೇ. ಅದನ್ನು ತೆಗೆಸೋಕೆ ದಲಿತ ಸಂಘಟನೆಗಳು ವರ್ಷಗಟ್ಟಲೆ ಬೀದಿಗಿಳಿದವು. 2023ರಲ್ಲಿ ಅದು ರದ್ದಾಯ್ತು.

ಗೆದ್ದೆವು ಅಂದುಕೊಂಡ ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಈ ನಿಧಿಯಿಂದ ಸುಮಾರು 11,000 ಕೋಟಿ ಹೋಯ್ತು, ಮುಂದಿನ ವರ್ಷ ಸುಮಾರು 14,000 ಕೋಟಿ. ಈ ಸಲ ತೋರಿಸಿದ್ದು 7ಸಿ. "ಫಲಾನುಭವಿಗಳಲ್ಲಿ ನಿಮ್ಮವರೂ ಇದ್ದಾರಲ್ಲ" ಅಂತಾರೆ. ಇದ್ದಾರೆ, ನಿಜ. ನನ್ನ ಅಕ್ಕನಿಗೂ ಗೃಹಲಕ್ಷ್ಮಿ ದುಡ್ಡು ಬರುತ್ತೆ, ಅದರಿಂದ ಮನೆ ನಡೆಯುತ್ತೆ. ನಾನು ಗ್ಯಾರಂಟಿ ವಿರೋಧಿ ಅಲ್ಲ. ಆದರೆ ಬೇರೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಜೆಟ್‌ನಿಂದ ಕೊಡೋದನ್ನು ನನ್ನ ಅಕ್ಕನಿಗೆ ಮಾತ್ರ ಅವಳ ಮಕ್ಕಳ ಹಾಸ್ಟೆಲ್, ಭೂಮಿ, ಗಂಗಾ ಕಲ್ಯಾಣದ ಬಾವಿಗೆ ಇಟ್ಟ ಹಣದಿಂದ ಯಾಕೆ ಕೊಡಬೇಕು? ಅವಳು ಈ ರಾಜ್ಯದ ಸಾಮಾನ್ಯ ಪ್ರಜೆ ಅಲ್ವಾ?

ಕೇಂದ್ರದ ಕಥೆ ಇನ್ನೂ ಕಷ್ಟ. ಅಲ್ಲಿ ಇಂಥ ಕಾನೂನೇ ಇಲ್ಲ. 2017-18ರಿಂದ ಯೋಜನೆ, ಯೋಜನೇತರ ಅನ್ನೋ ಭೇದ ತೆಗೆದ ಮೇಲೆ ಹಳೇ ಉಪಯೋಜನೆಯ ಬುನಾದಿಯೇ ಹೋಯ್ತು. ಈಗ ಬಜೆಟ್ ಜೊತೆ 10ಎ, 10ಬಿ ಅಂತ ಎರಡು ಪಟ್ಟಿ ಬರುತ್ತೆ. ಅದರಲ್ಲಿ ನೇರವಾಗಿ ನಮಗೆ ಬರೋದು ಎಷ್ಟು, ಸಾಮಾನ್ಯ ಯೋಜನೆಗೆ ನಮ್ಮ ಹೆಸರು ಅಂಟಿಸಿದ್ದು ಎಷ್ಟು ಅಂತ ಸಾಲು ಸಾಲಾಗಿ ಓದಿ ಬೇರ್ಪಡಿಸಬೇಕು. ತೆರಿಗೆ ಕಟ್ಟುವಾಗ ಮಾತ್ರ ಯಾವ ಗೊಂದಲವೂ ಇಲ್ಲ. ಸೋಪು, ಚಪ್ಪಲಿ ಕೊಂಡಾಗ ಕೂಲಿಯವನೂ ಕೋಟ್ಯಧಿಪತಿಯೂ ಒಂದೇ ದರದಲ್ಲಿ ಜಿಎಸ್‌ಟಿ ಕಟ್ಟಬೇಕು. 1927ರಲ್ಲಿ ಬಾಬಾಸಾಹೇಬರು ಕೇಳಿದ ಪ್ರಶ್ನೆ ಇನ್ನೂ ಹಾಗೇ ಇದೆ.

ಅದಕ್ಕೇ ಹೇಳ್ತೀನಿ, ಎರಡು ನಂಬರ್ ನೆನಪಿಡಿ. 789 ಮತ್ತು 796. ಸರ್ಕಾರದ ಲೆಕ್ಕಪತ್ರದಲ್ಲಿ ಪರಿಶಿಷ್ಟ ಜಾತಿ ಉಪಯೋಜನೆಯ ಹಣಕ್ಕೆ 789, ಪಂಗಡದ್ದಕ್ಕೆ 796. ಬಜೆಟ್ ಪುಸ್ತಕದಲ್ಲಿ ನಮ್ಮ ಕೇರಿಯ, ನಮ್ಮ ಹಾಡಿಯ ಡೋರ್ ನಂಬರ್ ಇದು. ನಿಮ್ಮ ತಾಲ್ಲೂಕಲ್ಲಿ ಈ ನಂಬರಿನಲ್ಲಿ ಎಷ್ಟು ಬಂತು, ಎಲ್ಲಿ ಖರ್ಚಾಯ್ತು ಅಂತ ಒಂದು ಆರ್‌ಟಿಐ ಹಾಕಿ. ಉತ್ತರ ಬಂದ ಮೇಲೆ ಕಾಗದ ಹಿಡಿದು ಆ ಜಾಗಕ್ಕೆ ಹೋಗಿ ನೋಡಿ.

ತಮ್ಮಾ, ನೀನು ಕೇಳಿದ ಮರ್ಯಾದೆಯ ಪ್ರಶ್ನೆಗೆ ನನ್ನ ಉತ್ತರ ಇದು. ಚವದಾರ್ ಕೆರೆ ಸಾರ್ವಜನಿಕ ಹಣದ್ದು, ಬಜೆಟ್ಟೂ ಸಾರ್ವಜನಿಕ ಹಣದ್ದೇ. ಕೆರೆ ಮುಟ್ಟೋದು ಮರ್ಯಾದೆ ಆದರೆ ಬಜೆಟ್ ಮುಟ್ಟೋದೂ ಮರ್ಯಾದೆಯೇ. ಮುಂದಿನ ಸಭೆಗೆ ಬಾ, ಅರ್ಜಿ ಒಟ್ಟಿಗೆ ಕೂತು ಬರೆಯೋಣ.

ಜೈ ಭೀಮ್.