ಹತ್ತಿಯ ದಾರಿ

ನಾವು ಓದಿದ ಪಠ್ಯಪುಸ್ತಕದಲ್ಲಿ ಅಮೆರಿಕದ ಅಂತರ್ಯುದ್ಧ ಒಂದು ಪಾಠ, ಧಾರವಾಡದ ಎರೆಹೊಲ ಇನ್ನೊಂದು ಪಾಠ. ಎರಡರ ನಡುವೆ ಇದ್ದ ದಾರಿಯನ್ನು ಯಾವ ಮೇಷ್ಟ್ರೂ ತೋರಿಸಲಿಲ್ಲ.

1861ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಹತ್ತಿತು. ಲಿಂಕನ್ ದಕ್ಷಿಣದ ಬಂದರುಗಳನ್ನು ಹಡಗುಗಳಿಂದ ಮುಚ್ಚಿಸಿದ. ಇಂಗ್ಲೆಂಡಿನ ಗಿರಣಿಗಳು ನುಂಗುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು. ಕರಿಯ ಗುಲಾಮರು ಚಾಟಿಯ ಕೆಳಗೆ ಬಿಡಿಸಿದ ಹತ್ತಿ ಅದು. ಹತ್ತಿ ಇಲ್ಲದಿದ್ದರೆ ಇಂಗ್ಲೆಂಡ್ ತಮ್ಮ ಕಡೆ ಬಂದೇ ಬರುತ್ತೆ ಅಂತ ಗುಲಾಮರ ಒಡೆಯರು ಮೊದಲ ವರ್ಷ ತಾವೇ ಹತ್ತಿ ತಡೆಹಿಡಿದರು. ಇಂಗ್ಲೆಂಡ್ ಬರಲಿಲ್ಲ, ಲ್ಯಾಂಕಶೈರಿನ ಗಿರಣಿಗಳು ನಿಂತವು. 1862ರ ಕೊನೆಗೆ ಸುಮಾರು 5 ಲಕ್ಷ ಜನ ಪರಿಹಾರಕ್ಕೆ ಕೈಚಾಚಿದ್ದರು. ಆ ಹಸಿವಿನಲ್ಲೂ ಮ್ಯಾಂಚೆಸ್ಟರಿನ ಕೂಲಿಕಾರರು ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿ ಅಳಿಯಲಿ ಅಂತ ಲಿಂಕನ್‌ಗೆ ಕಾಗದ ಬರೆದರು. ಮಾಲೀಕರ ಕಣ್ಣು ಮಾತ್ರ ಇತ್ತ ತಿರುಗಿತ್ತು.

1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ಹತ್ತಿ ತೋಟಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡದಲ್ಲಿ ಬಿತ್ತಿಸಿತ್ತು. ನಮ್ಮ ಜವಾರಿ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹೋಗುತ್ತಿದ್ದುದರಿಂದ ಪರದೇಶದ ಪೇಟೆಯಲ್ಲಿ ಅದರ ಹೆಸರೇ ಕುಮಟಾ. ಬೆಳೆದ ಊರಿನದಲ್ಲ, ಹಡಗು ಹತ್ತಿಸಿದ ಊರಿನ ಹೆಸರು! ಯುದ್ಧದಿಂದ ಬೆಲೆ ಜಿಗಿಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿ ಸಾಗಿಸೋಕೆ ಕಾರವಾರ ಬಂದರು ಬೇಕಿತ್ತು. 1863ರಲ್ಲಿ ಹತ್ತಿ ಕಲಬೆರಕೆ ಮಾಡಿದವರಿಗೆ ಶಿಕ್ಷೆ ಕೊಡೋ ಕಾನೂನು ಬಂತು. ಬಿಡಿಸೋ ಕೈಗಳ ಕೂಲಿಗೆ ಅಂಥದೊಂದು ಕಾನೂನು ಮಾಡಬೇಕು ಅಂತ ಯಾವ ದೊರೆಗೂ ಹೊಳೆಯಲಿಲ್ಲ.

ಹತ್ತಿ ಸೀಮೆಯ ರೈತರು ಬಂಡಿ ಗಾಲಿಗೆ ಬೆಳ್ಳಿ ಪಟ್ಟಿ ಬಡಿಸಿದರು ಅನ್ನೋ ಕಥೆಗಳಿವೆ. ಇರಬಹುದು. ಆದರೆ ಬಂಡಿ ಯಾರದು? ಹೊಲ ಇದ್ದವನದು. ಕಾಳಿನ ಬೆಲೆಯೂ ಆಗ ಏರಿತ್ತು. ಹೊಲವೇ ಇಲ್ಲದ ಕೇರಿಯವರಿಗೆ ಅಮೆರಿಕದ ಯುದ್ಧ ಜ್ವಾಳದ ಸೇರಿನಲ್ಲಿ ಗೊತ್ತಾಗಿರಬೇಕು.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಹತ್ತಿ ಬೆಲೆ ಕುಸಿಯಿತು. ಹತ್ತಿ ದುಡ್ಡಿನಿಂದ ಉಬ್ಬಿದ್ದ ಮುಂಬಯಿಯ ಷೇರು ಪೇಟೆ ಜುಲೈ 1ರ ಲೆಕ್ಕದ ದಿನ ಮಗುಚಿತು. ಪ್ರೇಮಚಂದ್ ರಾಯಚಂದ್‌ನಂಥ ದೊಡ್ಡ ಕುಳವೇ ದಿವಾಳಿ. ಬ್ಯಾಂಕ್ ಆಫ್ ಬಾಂಬೆಯನ್ನೂ ಮುಚ್ಚಬೇಕಾಯಿತು. ಹಳ್ಳಿಯಲ್ಲಿ ಬೆಲೆ ಇಳಿದರೂ ಸಾಲ ಇಳಿಯಲಿಲ್ಲ, ಕಂದಾಯ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹ್ಮದನಗರದ ರೈತರು ಸಾವುಕಾರರ ಸಾಲಪತ್ರಗಳನ್ನು ಸುಟ್ಟದ್ದಕ್ಕೆ ಈ ಕುಸಿತವೂ ಒಂದು ಕಾರಣ.

ಇದೇ ಕಾಲದಲ್ಲಿ, 1873ರಲ್ಲಿ, ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು ಕರಿಯರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ ಅರ್ಪಿಸಿದರು. ಲಿವರ್‌ಪೂಲಿನ ದರಪಟ್ಟಿಯಲ್ಲಿ ಕಾಣದಿದ್ದ ನಂಟು ಪುಣೆಯ ಒಬ್ಬ ಶೂದ್ರನಿಗೆ ಕಂಡಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಧಾರವಾಡ, ಕಲಾದಗಿ ಜಿಲ್ಲೆಗಳ ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲೊಡೆದರು. 1877ರಲ್ಲಿ ಸರ್ಕಾರ ಗಂಡಾಳಿಗೆ ಕಟ್ಟಿದ ದಿನಗೂಲಿ ಒಂದು ಪೌಂಡ್ ಕಾಳಿನ ಬೆಲೆ, ಮೇಲೆ ಒಂದಾಣೆ.